ಜೀಪಿನ ಹೆಸರಿನಲ್ಲಿ ಓಡಿದ ಕಾರು

ಬೆಳ್ತಂಗಡಿ
ಜೂನ್ ೧೪, ೨೦೨೫

ಸನತ್‌ಕುಮಾರನಿಗೆ,

ಪೋಸ್ಟ್ ಆಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಕೌಂಟರಿನಲ್ಲಿದ್ದ ಹೆಣ್ಣುಮಗಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಯಾರಿಗೆ ಅಜ್ಜ? ಮಗ ಮಿಲಿಟ್ರಿಯಲ್ಲಿ ಉಂಟಾ?" ಎಂದಳು. ಮೂಡುಬಿದಿರೆಗೆ ಎಂದೆ. "ಬಸ್ಸಲ್ಲಿ ಹೋಗಿ ಹೇಳಿ ಬರ್ಬಹುದಲ್ಲ!" ಎಂದು ನಕ್ಕಳು. ಅವಳಿಗೇನು ಗೊತ್ತು. ಮೊನ್ನೆ ಬಂಟ್ವಾಳದಲ್ಲಿ, ಶಮೀರನ ಗ್ಯಾರೇಜಿನ ಶೆಡ್ಡಿನಲ್ಲಿ, ಎಲ್ಲರ ಎದುರು ನಾನು "ಇನ್ನು ನಿನ್ನೊಟ್ಟಿಗೆ ಬಾಯಿ ಬಿಟ್ಟು ಒಂದು ಮಾತಾಡಿದ್ರೆ ಧರ್ಮಸ್ಥಳದ ಆಣೆ" ಎಂದುಬಿಟ್ಟೆನಲ್ಲ. ಸಿಟ್ಟಿನಲ್ಲಿ ಬಂದ ಮಾತು ಹೌದು. ಆದರೆ ಆಣೆ ಆಣೆಯೇ. ಇಬ್ಬರೂ ಒಟ್ಟಿಗೆ ಕ್ಷೇತ್ರಕ್ಕೆ ಹೋಗಿ, ತಪ್ಪುಕಾಣಿಕೆ ಹಾಕಿ ಅದನ್ನು ಬಿಡಿಸಿಕೊಳ್ಳುವವರೆಗೆ ನಾನು ನಿನ್ನ ಹತ್ತಿರ ಮಾತಾಡುವ ಹಾಗಿಲ್ಲ. ನೀನು ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಿರುವುದನ್ನೂ ನಿಲ್ಲಿಸು, ನಾನು ತೆರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಅದೂ ಮಾತೇ. ಬರೆಯುವುದಿಲ್ಲ ಎಂದು ನಾನು ಹೇಳಿರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆ ದಿನ ನೀನು ಅಲ್ಲೇ ಇದ್ದೆ. ಆದರೆ ಹೋಟೆಲಿನಿಂದ ಗೋಳಿಬಜೆ ತರಿಸುವ ಗಡಿಬಿಡಿಯಲ್ಲಿ ನನ್ನ ಮುಖ ನೋಡಲಿಲ್ಲ. ಗುರುವಾಯನಕೆರೆಯಲ್ಲಿ ಬಸ್ಸೊಂದು ನಾವಿಬ್ಬರೂ ಸೇರಿ ಕಟ್ಟಿದ ಕಾರಿನ ಮಡ್‌ಗಾರ್ಡಿಗೆ ಒರೆಸಿಕೊಂಡು ಹೋದಾಗಲೇ ನೀನು "ಕ್ಲೈಮು ಗಿಯಿಮು ಎಲ್ಲ ಯಾಕೆ ಮಾರಾಯ, ನಾವೇ ರಿಪೇರಿ ಮಾಡಿಸುವ" ಎಂದಿದ್ದೆ. ನಾನೇ ಹಠ ಹಿಡಿದೆ. ವಿಮೆ ಕಟ್ಟುವುದು ಯಾಕೆ, ಗೋಡೆಗೆ ಅಂಟಿಸಲಿಕ್ಕಾ ಎಂದು ಕೇಳಿ ಕಂಪನಿಗೆ ಫೋನ್ ಮಾಡಿದೆ.

ಸರ್ವೇಯರ್ ಎಂದು ಬಂದ ಆ ಹುಡುಗಿ ಸುಪ್ರೀತಾ ಕಾರಿಗೆ ಎರಡು ಸುತ್ತು ಬಂದಳು. ಆಮೇಲೆ ಮೊಬೈಲ್ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಸರ್, ಪಾಲಿಸಿ ಜೀಪಿಗೆ ಉಂಟು. ಜೀಪು ಎಲ್ಲಿ?" ಎಂದಳು. ನಾನು ನಕ್ಕೆ. ಏನೋ ತಪ್ಪಿ ಬೇರೆ ಯಾರದೋ ಪಾಲಿಸಿ ತಂದಿದ್ದಾಳೆ ಎಂದುಕೊಂಡೆ. ಅವಳು ಮೊಬೈಲನ್ನು ನನ್ನ ಕಣ್ಣೆದುರು ಹಿಡಿದಳು. ಗಾಡಿ ಜೀಪು, ಇಪ್ಪತ್ತು ವರ್ಷ ಹಳೆಯದು, ಮಾಲೀಕ ಧರ್ಣಪ್ಪ.

ಬಾನೆಟ್ ಎತ್ತಿ ಚಾಸಿ ನಂಬರು ಹುಡುಕಿದಳು. ನಾನೇ ಜಾಗ ತೋರಿಸಿದೆ, ಹೆಮ್ಮೆಯಿಂದ. ಆ ಫ್ರೇಮನ್ನು ವೆಲ್ಡ್ ಮಾಡಿದವನು ನಾನು. ಅದರ ಮೇಲೆ ನಂಬರು ಹೊಡೆದವನೂ ನಾನು. ಡಿ.ಎಸ್. ಒಂದು. ಡಿ ನಾನು, ಎಸ್ ನೀನು. ನೀನು ಪಂಚ್ ಹಿಡಿದಿದ್ದೆ, ನಾನು ಸುತ್ತಿಗೆ ಹಾಕಿದ್ದೆ, ಒಂದೇಟು ನಿನ್ನ ಬೆರಳಿಗೂ ಬಿದ್ದಿತ್ತು. ಆ ಹುಡುಗಿ ಕೀಲಿಕೈಯಿಂದ ಪೈಂಟ್ ಕೆರೆದಾಗ ಅಲ್ಲಿ ಡಿ.ಎಸ್. ಇರಲಿಲ್ಲ. ಗ್ರೈಂಡರಿನಲ್ಲಿ ಉಜ್ಜಿ, ವೆಲ್ಡ್ ತುಂಬಿಸಿ, ಅದರ ಮೇಲೆ ಯಾವುದೋ ಜೀಪಿನ ನಂಬರು ಹೊಡೆದಿದ್ದರು. "ಇದನ್ನು ರಿಪೋರ್ಟಲ್ಲಿ ಬರೀಬೇಕಾಗ್ತದೆ ಸರ್, ಬೇಸರ ಮಾಡ್ಬೇಡಿ" ಎಂದಳು. ಪಾಪ, ಅವಳ ತಪ್ಪೇನೂ ಇಲ್ಲ.

ಐ.ಟಿ.ಐ.ಯಲ್ಲಿ ಸರ್ವೀಸು ಮುಗಿಯುವ ದಿನದವರೆಗೂ ನಾನು ಹುಡುಗರಿಗೆ ಒಂದು ವಿಷಯವನ್ನು ಬೈದು ಬೈದು ಹೇಳಿದ್ದೇನೆ. ಎಂಜಿನ್ ಹಾಳು ಮಾಡಿ, ಬ್ರೇಕ್ ತಪ್ಪು ಕಟ್ಟಿ, ಕಲಿಯುವಾಗ ಎಲ್ಲ ಆಗುತ್ತದೆ, ಚಾಸಿ ನಂಬರಿಗೆ ಮಾತ್ರ ಕೈ ಹಾಕಬೇಡಿ, ಅದಕ್ಕೆ ಕೈ ಹಾಕುವವನು ಮೆಕ್ಯಾನಿಕ್ ಅಲ್ಲ, ಕಳ್ಳ. ಅದು ನಿನಗೂ ಗೊತ್ತುಂಟು. ಎಷ್ಟೋ ಸಲ ನನ್ನನ್ನು ಅಣಕಿಸಿದ್ದೀಯ.

ಯಾರು ಉಜ್ಜಿಸಿದ್ದು ಎಂದು ನಾನು ಕೇಳಿದಾಗ ಶಮೀರ ನಿನ್ನ ಮುಖ ನೋಡಿದ. ನೀನು ಗೋಳಿಬಜೆಯ ಪೊಟ್ಟಣ ನೋಡಿದೆ. ನನಗೆ ಸಿಟ್ಟು ನೆತ್ತಿಗೇರಿದ್ದು ಆಗಲೇ. ಆದರೂ ನಿನ್ನ ಕೈಯಿಂದ ಬರೆದದ್ದನ್ನು ಓದದೆ ನಂಬುವುದಿಲ್ಲ. ಬರೆ.

ಉತ್ತರ ಬರುತ್ತದೆಂದು ಕಾಯುವ,
ಧರ್ಣ


ಮೂಡುಬಿದಿರೆ
ಜೂನ್ ೨೭, ೨೦೨೫

ಪ್ರೀತಿಯ ಧರ್ಣ,

ನಿನ್ನ ಕಾಗದವನ್ನು ಅನಂತಮತಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾರದ್ದು ಇದು, ನಿಮ್ಮ ಕಾಲೇಜಿನ ಹುಡುಗಿಯದ್ದಾ?" ಎಂದಳು. ಹುಡುಗಿಯದ್ದಾಗಿದ್ದರೆ ಇಷ್ಟು ಬೈಗುಳ ಇರುತ್ತಿರಲಿಲ್ಲ ಎಂದೆ. ನಗಬೇಡ ಎಂದು ನೀನು ಹೇಳುತ್ತೀಯ. ನಗದಿದ್ದರೆ ನನಗೆ ಪೆನ್ನು ಓಡುವುದಿಲ್ಲ, ನಿನಗೆ ಗೊತ್ತಲ್ಲ.

ಸುತ್ತಿ ಬಳಸಿ ಹೇಳುವುದು ಬೇಡ. ಹೌದು, ನಾನೇ ಉಜ್ಜಿಸಿದ್ದು. ನಿನ್ನ ಕಣ್ಣಿನ ಪೊರೆ ತೆಗೆಸಿದ ವಾರ. ಶಮೀರನಿಗೆ ಮನಸ್ಸಿರಲಿಲ್ಲ. "ಮಾಸ್ಟ್ರಿಗೆ ಗೊತ್ತುಂಟಾ?" ಎಂದು ಕೇಳಿದ. ಗೊತ್ತುಂಟು ಎಂದೆ.

ಧರ್ಣ, ಬೇರೆ ದಾರಿ ಇರಲಿಲ್ಲ. ನೀನು ಕಬ್ಬಿಣದ ಕೆಲಸ ನೋಡಿಕೊಳ್ಳುವುದು, ನಾನು ಕಾಗದದ ಕೆಲಸ ನೋಡಿಕೊಳ್ಳುವುದು ಎಂದು ಮೊದಲೇ ಮಾತಾಗಿತ್ತು. ನಿನ್ನ ಕಬ್ಬಿಣ ಹೇಳಿದ ಹಾಗೆ ಬಗ್ಗಿತು. ನನ್ನ ಕಾಗದ ಬಗ್ಗಲಿಲ್ಲ. ನಮ್ಮ ದೇಶದಲ್ಲಿ ಕಾರು ಮಾಡುವುದು ಕಂಪನಿಗಳ ಕೆಲಸ. ಶೆಡ್ಡಿನಲ್ಲಿ ಇಬ್ಬರು ಮುದುಕರು ಸೇರಿ ಮಾಡಿದರೆ ಅದಕ್ಕೆ ಜಾತಕವೇ ಇಲ್ಲ. ಪುಣೆಯ ಪರೀಕ್ಷಾ ಸಂಸ್ಥೆಗೆ ಬರೆದೆ. ಅವರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ಮಾದರಿಗೆ ಒಪ್ಪಿಗೆ ಬೇಕಿದ್ದರೆ ಗಾಡಿಯನ್ನು ಗೋಡೆಗೆ ಗುದ್ದಿಸಿ ನೋಡಬೇಕಂತೆ. ಗುದ್ದಿಸಲಿಕ್ಕೆ ಒಂದು, ಓಡಿಸಲಿಕ್ಕೆ ಇನ್ನೊಂದು ಮಾಡಲು ನಾವೇನು ಕಾರ್ಖಾನೆ ಇಟ್ಟಿದ್ದೇವಾ? ಆ ಒಪ್ಪಿಗೆ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ವಿಮೆ ಇಲ್ಲ, ವಿಮೆ ಇಲ್ಲದೆ ರಸ್ತೆ ಇಲ್ಲ. ಆ ಉತ್ತರ ಬರುವಾಗ ಗಾಡಿಗೆ ಪೈಂಟೂ ಆಗಿತ್ತು. ಕೆಂಪು ಬಣ್ಣ, ನೀನು ಆರಿಸಿದ್ದು. ಅದನ್ನು ಶೆಡ್ಡಿನಲ್ಲಿ ಮುಚ್ಚಿಟ್ಟು ಕೊಳೆಸಲಿಕ್ಕೆ ನನಗೆ ಮನಸ್ಸು ಬರಲಿಲ್ಲ.

ವೇಣೂರಿನಲ್ಲಿ ನನ್ನ ಭಾವನ ಜೀಪು ಗುಜರಿಗೆ ಹೋಗಿತ್ತು, ಆದರೆ ಅದರ ಆರ್.ಸಿ. ಮನೆಯಲ್ಲೇ ಉಳಿದಿತ್ತು. ಏಜೆಂಟ್ ಒಬ್ಬ ಸಿಕ್ಕಿದ. ಅದೇ ಮಾದರಿಯ ಬೇರೊಂದು ಜೀಪನ್ನು ತಪಾಸಣೆಗೆ ತೋರಿಸಿ ಆರ್.ಸಿ. ನವೀಕರಿಸಿ, ನಿನ್ನ ಹೆಸರಿಗೆ ವರ್ಗ ಮಾಡಿಸಿದ. ಎಷ್ಟೋ ಜನ ಹೀಗೆ ಓಡಿಸುತ್ತಾರೆ ಮಾರಾಯ. ಬಸ್ಸಿನವ ಒರೆಸದಿದ್ದರೆ ನಾವೂ ಹಾಗೆಯೇ ಓಡಿಸಿಕೊಂಡಿರುತ್ತಿದ್ದೆವು.

ನಿನ್ನ ಹೆಸರಿಗೆ ಮಾಡಿಸಿದ್ದು ಯಾಕೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾ? ನಾವು ಉಜಿರೆಯಲ್ಲಿ ಓದುವಾಗ ಚಾರ್ಮಾಡಿ ರಸ್ತೆಯಲ್ಲಿ ಒಂದು ಮಾಡು ಇಲ್ಲದ ಎಂ.ಜಿ. ಸ್ಪೋರ್ಟ್ಸ್ ಕಾರು ಹೊಗೆ ಕಾರುತ್ತಾ ನಿಂತಿತ್ತಲ್ಲ. ನಾವು ತೋಡಿನಿಂದ ನೀರು ತಂದು ಹಾಕಿದ್ದಕ್ಕೆ ಅದರ ಯಜಮಾನ ನಮ್ಮನ್ನು ಕೂರಿಸಿಕೊಂಡು ಬಂದ. ಇಳಿದ ಮೇಲೆ ನೀನು, "ಒಂದು ದಿನ ನನ್ನದು ಇಂಥದ್ದೇ ಉಂಟು" ಎಂದೆ. ನನ್ನದು ಎಂದಿದ್ದೆ, ನಮ್ಮದು ಎಂದಿರಲಿಲ್ಲ. ಅದು ನನ್ನ ತಲೆಯಲ್ಲಿ ಇತ್ತು.

ಈ ಭಾನುವಾರ ಕ್ಷೇತ್ರಕ್ಕೆ ಹೋಗಿ ಆಣೆ ಬಿಡಿಸಿಕೊಂಡು ಬರುವ. ಊಟ ಅಲ್ಲೇ ಮಾಡುವ. ಬೈಯುವುದಿದ್ದರೆ ಎದುರು ಕೂತು ಬೈ, ತುಳುವಿನಲ್ಲಿ ಬೈ. ಕನ್ನಡದಲ್ಲಿ ನೀನು ಬೈದರೆ ಹೆಡ್ಮಾಸ್ಟ್ರು ಬೈದ ಹಾಗೆ ಕೇಳುತ್ತದೆ.

ಬೆರಳಿಗೆ ಸುತ್ತಿಗೆ ಬಿದ್ದರೂ ಪಂಚ್ ಬಿಡದ ನಿನ್ನ,
ಸನತ್


ಬೆಳ್ತಂಗಡಿ
ಜುಲೈ ೧೨, ೨೦೨೫

ಸನತ್‌ನಿಗೆ,

ಭಾನುವಾರ ನಾನು ಬರಲಿಲ್ಲ. ನಿನಗೆ ಎಲ್ಲವೂ ಒಂದು ಊಟದಲ್ಲಿ ಮುಗಿಯಬೇಕು.

ಕಳೆದ ವರ್ಷದ ಆಯುಧಪೂಜೆ ನೆನಪು ಮಾಡಿಕೋ. ನನಗೆ ಆಪರೇಶನ್ ಆಗಿ ಕರಿ ಕನ್ನಡಕ ಹಾಕಿದ್ದೆ. ನೀನು ಕಾರಿಗೆ ಹೂವಿನ ಮಾಲೆ ಹಾಕಿಸಿ, ಲಿಂಬೆಹಣ್ಣು ಇಡಿಸಿ, ಎಲ್ಲರೂ ನೋಡುವ ಹಾಗೆ ಆ ಆರ್.ಸಿ. ಕಾರ್ಡನ್ನು ನನ್ನ ಕೈಯಲ್ಲಿಟ್ಟೆ. "ಗಾಡಿ ನಿನ್ನ ಹೆಸರಲ್ಲೇ ಇರಲಿ ಮಾರಾಯ" ಎಂದೆ. ನಾನು ಕಾರ್ಡನ್ನು ಕಣ್ಣಿನ ಹತ್ತಿರ ತಂದು ಮಾಲೀಕ ಎಂಬಲ್ಲಿ ನನ್ನ ಹೆಸರು ಮಾತ್ರ ಓದಿದೆ. ಅಷ್ಟರಲ್ಲಿ ಕಣ್ಣು ತುಂಬಿತು. ಉಳಿದದ್ದನ್ನು ಓದಲಿಲ್ಲ. ಪ್ಲೇಟಿನಲ್ಲಿ ಹಳೆ ಸೀರೀಸಿನ ನಂಬರು ಯಾಕೆ ಎಂದು ನಾನು ಕೇಳಿದ್ದಕ್ಕೆ, ಹಳೆ ಮಾದರಿಯ ಗಾಡಿಗೆ ಹಾಗೆಯೇ ಕೊಡುತ್ತಾರೆ ಎಂದು ನೀನೇ ಹೇಳಿದೆ. ನಂಬಿದೆ. ನೀನು ಬೆರಳಿಟ್ಟ ಕಡೆಗೆಲ್ಲ ಸಹಿ ಹಾಕಿದ್ದೆ, ಅದನ್ನೂ ಓದಿರಲಿಲ್ಲ. ನನಗೆ ಓದು ಬರುವುದಿಲ್ಲ ಎಂದಲ್ಲ. ನೀನು ಕೊಟ್ಟದ್ದನ್ನು ಓದಬೇಕು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಈಗ ಸಾರಿಗೆ ಕಚೇರಿಯಿಂದ ನೋಟೀಸು ಬಂದಿದೆ. ಸರ್ವೇಯರ್ ರಿಪೋರ್ಟ್ ಅಲ್ಲಿಗೆ ಹೋಗಿದೆ. ಗಾಡಿಗೆ ಸೀಲು ಬಿದ್ದಿದೆ. ಚಾಸಿ ನಂಬರು ತಿದ್ದಿದ ಗಾಡಿಯ ಮಾಲೀಕ ಬಂದು ಹೇಳಿಕೆ ಕೊಡಬೇಕಂತೆ. ಮಾಲೀಕ ಯಾರು? ನಿನ್ನ ಪ್ರೀತಿಯ ಧರ್ಣಪ್ಪ.

ನೋಟೀಸಿನೊಟ್ಟಿಗೆ ಮನೆಗೆ ಬಂದ ಇನ್‌ಸ್ಪೆಕ್ಟರ್ ಯಾರು ಗೊತ್ತುಂಟಾ? ಅಶ್ವಿತ್. ನನ್ನ ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಸರ್, ಪಂಚಿನ ಏಟು ಇಷ್ಟು ಸಮ ಬೀಳುದು ಕೈ ಪಳಗಿದವರದ್ದು. ನೀವಾ ಮಾಡಿದ್ದು?" ಎಂದು ನೆಲ ನೋಡಿಕೊಂಡು ಕೇಳಿದ. ಅಲ್ಲ ಎಂದೆ. "ಮತ್ತೆ ಯಾರು ಸರ್?" ಎಂದ. ಹಿಯರಿಂಗಿನಲ್ಲಿ ಹೇಳುತ್ತೇನೆ ಎಂದೆ. ಸೊಸೆ ವಿಸ್ಮಿತಾ ತಂದ ಕಾಫಿಯನ್ನು ಅವನು ಮುಟ್ಟಲಿಲ್ಲ.

ಈ ತಾಲೂಕಿನಲ್ಲಿ ಯಾವ ಗ್ಯಾರೇಜಿಗೆ ಹೋದರೂ ನನ್ನ ಒಬ್ಬ ಹುಡುಗ ಇದ್ದಾನೆ. ಅವರೆಲ್ಲರಿಗೂ ಈಗ ವಿಷಯ ಗೊತ್ತಾಗಿದೆ. ನನಗೆ ಆಸ್ತಿ ಪಾಸ್ತಿ ಇಲ್ಲ ಸನತ್. ಮಾಸ್ಟ್ರು ಹೇಳಿದರೆ ಹೌದು ಎಂಬ ಒಂದು ಮಾತಿದೆ. ಅದನ್ನು ನೀನು ಗ್ರೈಂಡರಿನಲ್ಲಿ ಉಜ್ಜಿಸಿದ್ದೀಯ.

ನವೆಂಬರ್ ಆರಕ್ಕೆ ಬಂಟ್ವಾಳದ ಸಾರಿಗೆ ಕಚೇರಿಯಲ್ಲಿ ಹಿಯರಿಂಗ್ ಇಟ್ಟಿದ್ದಾರೆ. ಬಾ. ಎದುರು ನಿಂತು ಹೇಳು: ಇದನ್ನು ಮಾಡಿಸಿದ್ದು ನಾನು, ಧರ್ಣಪ್ಪನಿಗೆ ಗೊತ್ತಿರಲಿಲ್ಲ. ಅಷ್ಟು ಹೇಳಿದರೆ ಅಲ್ಲಿಂದಲೇ ಕ್ಷೇತ್ರದ ಬಸ್ಸು ಹತ್ತುವ, ಆಣೆ ಬಿಡಿಸುವ, ನೀನು ಹೇಳಿದ ಊಟವನ್ನೂ ಮಾಡುವ. ಮೊದಲು ಹಿಯರಿಂಗ್, ಆಮೇಲೆ ಊಟ.

ಇನ್ನೂ ನಿನ್ನನ್ನು ಬಿಟ್ಟಿಲ್ಲದ,
ಧರ್ಣ


ಮೂಡುಬಿದಿರೆ
ಆಗಸ್ಟ್ ೨೪, ೨೦೨೫

ಪ್ರೀತಿಯ ಧರ್ಣ,

ಉತ್ತರ ತಡವಾಯಿತು. ನಮ್ಮ ಸಹಕಾರಿ ಸೊಸೈಟಿಯ ಚುನಾವಣೆ ಹತ್ತಿರ ಬಂತು. ನನ್ನನ್ನು ನಿರ್ದೇಶಕನ ಸ್ಥಾನಕ್ಕೆ ನಿಲ್ಲಿಸಿದ್ದಾರೆ. ನಾನು ಬೇಡ ಎಂದರೂ ಬಿಡಲಿಲ್ಲ. ಮತದಾನ ನವೆಂಬರ್ ಒಂಬತ್ತಕ್ಕೆ. ಮನೆ ಮನೆಗೆ ಹೋಗಿ ಕೈಮುಗಿದು ಭುಜ ನೋಯುತ್ತದೆ.

ನಿನ್ನ ವಿಷಯವನ್ನು ನಮ್ಮ ವಕೀಲರ ಹತ್ತಿರ ಮಾತಾಡಿದೆ, ಹೆಸರು ಹೇಳದೆ. ಅವರು ಒಳ್ಳೆಯ ದಾರಿ ಹೇಳಿದ್ದಾರೆ. ನೀನು ಕಣ್ಣಿನ ಆಪರೇಶನ್ ಆದವನು, ಗಾಡಿ ಶೆಡ್ಡಿನಲ್ಲಿ ಬಿಟ್ಟಿದ್ದೆ, ವರ್ಕ್‌ಶಾಪಿನವನು ಏನು ಮಾಡಿದನೋ ಗೊತ್ತಿಲ್ಲ ಎಂದು ಹೇಳಿದರೆ ಸಾಕಂತೆ. ಉಜ್ಜಿದ್ದು ಶಮೀರನೇ ತಾನೇ, ಸುಳ್ಳೇನೂ ಅಲ್ಲ. ಅವನಿಗೆ ಏನೂ ದೊಡ್ಡದಾಗದ ಹಾಗೆ ಆಮೇಲೆ ನಾನು ನೋಡಿಕೊಳ್ಳುತ್ತೇನೆ. ನೀನು ಬಚಾವು, ನಾನೂ ಬಚಾವು.

ನಾನು ಹಿಯರಿಂಗಿಗೆ ಬರಬಾರದು ಎಂದಲ್ಲ. ಆದರೆ ನೀನು ನನ್ನ ಹತ್ತಿರ ಮಾತಾಡದೆ ಗೋಡೆಯ ಹಾಗೆ ನಿಂತಿದ್ದರೆ ನೋಡುವವರು ಏನೆಂದುಕೊಳ್ಳುತ್ತಾರೆ? ಮೊದಲು ಆಣೆ ಬಿಡಿಸುವ. ಅದಿಲ್ಲದೆ ನನಗೆ ಧೈರ್ಯ ಬರುವುದಿಲ್ಲ.

ಮುನಿಸು ಬಿಡು ಎನ್ನುವ,
ಸನತ್


ಬೆಳ್ತಂಗಡಿ
ಆಗಸ್ಟ್ ೩೦, ೨೦೨೫

ಸನತ್,

ಶಮೀರನ ತಲೆಗೆ ಕಟ್ಟುವುದಾ?

ಅವನ ಶೆಡ್ಡಿನಲ್ಲಿ ನಾಲ್ಕು ವರ್ಷ ಜಾಗ ಕೊಟ್ಟ. ನಾನು ಶನಿವಾರ ಬರುತ್ತೇನೆಂದು ಅವನ ಹೆಂಡತಿ ಸಾಲಿಹಾ ನನಗೆ ಬೇರೆ ಪಾತ್ರೆಯಲ್ಲಿ ಸಕ್ಕರೆ ಇಲ್ಲದ ಚಹಾ ಇಡುತ್ತಿದ್ದಳು. ಮಾಸ್ಟ್ರಿಗೆ ಗೊತ್ತುಂಟಾ ಎಂದು ಕೇಳಿದ ಒಬ್ಬನೇ ಮನುಷ್ಯ ಅವನು. ಅವನಿಗೆ ನನ್ನ ಹೆಸರು ಹೇಳಿ ಸುಳ್ಳಾಡಿ ಕೆಲಸ ಮಾಡಿಸಿದ್ದು ನೀನು. ಈಗ ಅವನ ಹೆಸರು ಹೇಳಿ ಸುಳ್ಳಾಡು ಎಂದು ನನಗೆ ಕಲಿಸುತ್ತೀಯ. ಈ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ. ನಾಚಿಕೆಯಾಯಿತು, ನಿನಗಾಗಿ ನನಗೆ ನಾಚಿಕೆಯಾಯಿತು.

ಆಣೆಯನ್ನು ನೆಪ ಮಾಡಬೇಡ. ನೀನು ಮಾತಾಡಬೇಕಾದ್ದು ನನ್ನ ಹತ್ತಿರ ಅಲ್ಲ, ಅಧಿಕಾರಿಯ ಹತ್ತಿರ. ಅದಕ್ಕೆ ಯಾವ ಆಣೆಯೂ ಅಡ್ಡ ಇಲ್ಲ. ನವೆಂಬರ್ ಆರು. ಬರುತ್ತೀಯೋ ಇಲ್ಲವೋ ಎಂದು ಮಾತ್ರ ಬರೆ.

ಧರ್ಣಪ್ಪ


ಮೂಡುಬಿದಿರೆ
ಅಕ್ಟೋ‌ಬರ್ ೧೦, ೨೦೨೫

ಧರ್ಣಪ್ಪಣ್ಣನಿಗೆ ಅನಂತಮತಿಯ ನಮಸ್ಕಾರ.

ನಾನು ಬರೆಯುವುದು ಇವರಿಗೆ ಗೊತ್ತಿಲ್ಲ. ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಕೂತು ಹರಿದು ಹಾಕುತ್ತಾರೆ. ನಿಮ್ಮ ಮಗ ಮನ್ವಿತ್ ಫೋನ್ ಮಾಡಿದಾಗ ಜ್ವರ ಎಂದು ನನ್ನ ಕೈಯಿಂದ ಹೇಳಿಸಿದರು. ಜ್ವರ ಇರಲಿಲ್ಲ. ಸಾಯಂಕಾಲದ ಊಟ ಹೊತ್ತು ಮುಳುಗುವ ಮೊದಲೇ ಸರಿಯಾಗಿ ಮಾಡಿ, ಪ್ರಚಾರಕ್ಕೆ ಹೋಗಿದ್ದರು.

ಪುಣೆಯ ಉತ್ತರ ಪೈಂಟ್ ಆದ ಮೇಲೆ ಬಂತು ಎಂದು ನಿಮಗೆ ಬರೆದಿದ್ದಾರಂತೆ. ಹಾಗಲ್ಲ ಅಣ್ಣ. ಅದು ಬಂದದ್ದು ಮೊದಲನೇ ವರ್ಷ, ಕೊಯಮತ್ತೂರಿನಿಂದ ಕಾರಿನ ಫೈಬರ್ ಬಾಡಿ ಬರುವ ಮೊದಲು. ಈ ಗಾಡಿ ಯಾವತ್ತೂ ರಸ್ತೆಗೆ ಇಳಿಯುವ ಹಾಗಿಲ್ಲ ಎಂದು ಅವರಿಗೆ ಅವತ್ತೇ ಗೊತ್ತಿತ್ತು. ಧರ್ಣಪ್ಪಣ್ಣನಿಗೆ ಹೇಳಿ ಎಂದೆ. "ಹೇಳಿದ್ರೆ ಅವ ನಾಳೆಯಿಂದ ಶೆಡ್ಡಿಗೆ ಬರ್ಲಿಕ್ಕಿಲ್ಲ. ಹೆಂಡತಿ ಹೋದ ಮೇಲೆ ಅವ ನಗುದು ಅಲ್ಲಿ ಮಾತ್ರ ಮಾರಾಯ್ತಿ" ಎಂದರು. ನಾನೂ ಸುಮ್ಮನಾದೆ. ಜಲಜಕ್ಕ ಹೋದ ಮೇಲೆ ನೀವು ನಮ್ಮ ಜಗಲಿಯಲ್ಲಿ ಹೇಗೆ ಕೂತಿರುತ್ತಿದ್ದಿರಿ ಎಂದು ನಾನು ನೋಡಿದವಳು.

ಇದನ್ನು ಮಾತ್ರ ಬರೆದರೆ ಅವರು ದೇವರಂಥವರು ಎಂದಾಗುತ್ತದೆ. ಹಾಗಾಗಿ ಇನ್ನೊಂದನ್ನೂ ಬರೆಯುತ್ತೇನೆ. ಗಾಡಿ ಯಾರ ಹೆಸರಿಗೆ ಮಾಡುವುದು ಎಂದು ಏಜೆಂಟ್ ಕೇಳಿದಾಗ ನಾನು ಅಲ್ಲೇ ಇದ್ದೆ. "ನನ್ನ ಹೆಸರಲ್ಲಿ ಬೇಡ, ನಾಳೆ ಏನಾದ್ರೂ ಆದ್ರೆ ಸೊಸೈಟಿಗೆ ನಿಲ್ಲುದು ಕಷ್ಟ. ಧರ್ಣಪ್ಪನ ಹೆಸರಿಗೆ ಮಾಡಿ, ಅವನಿಗೆ ಖುಷಿಯೂ ಆಗ್ತದೆ" ಎಂದರು. ಎರಡೂ ಒಂದೇ ಉಸಿರಿನಲ್ಲಿ ಹೇಳಿದರು. ಎರಡೂ ನಿಜವೇ. ಯಾವುದು ಎಷ್ಟು ನಿಜ ಎಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೂ ತಿಳಿಯುವುದಿಲ್ಲ.

ಅವರು ಹಿಯರಿಂಗಿಗೆ ಬರಲೇಬೇಕು ಎಂದು ದಿನಾ ಹೇಳುತ್ತಿದ್ದೇನೆ. ಬಾರದಿದ್ದರೆ ಈ ಮನೆಯಲ್ಲಿ ನನ್ನ ಮುಖ ನೋಡುವುದು ಅವರಿಗೂ ಸುಲಭ ಆಗಲಿಕ್ಕಿಲ್ಲ.

ನಿಮ್ಮ ತಂಗಿಯಂಥವಳು,
ಅನಂತಮತಿ


ಮೂಡುಬಿದಿರೆ
ಅಕ್ಟೋಬರ್ ೨೯, ೨೦೨೫

ಧರ್ಣ,

ಬರುತ್ತೇನೆ. ಅನಂತಮತಿಯ ಎದುರು ಕೂತು ಬರೆಯುತ್ತಿದ್ದೇನೆ. ಸಿದ್ದಕಟ್ಟೆಯ ಮೇಲೆ ಬರುವ ಬಸ್ಸಿನಲ್ಲಿ ಬರುತ್ತೇನೆ, ಕಚೇರಿಯ ಗೇಟಿನ ಹತ್ತಿರ ನಿಂತಿರು. ಎಲ್ಲ ನಾನೇ ಹೇಳುತ್ತೇನೆ. ಚುನಾವಣೆ ಹೋದರೆ ಹೋಗಲಿ.

ಸನತ್


ಬೆಳ್ತಂಗಡಿ
ನವೆಂಬರ್ ೧೮, ೨೦೨೫

ಸನತ್‌ಕುಮಾರನಿಗೆ,

ಸೊಸೈಟಿಗೆ ಗೆದ್ದೆಯಂತೆ. ಅಭಿನಂದನೆ. ಪೇಪರಿನಲ್ಲಿ ಫೋಟೋ ನೋಡಿದೆ, ಹಾರ ಹಾಕಿಕೊಂಡು ಚೆನ್ನಾಗಿಯೇ ಕಾಣುತ್ತಿದ್ದೆ.

ಆರನೇ ತಾರೀಖು ಏನಾಯಿತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೇ ಬರೆಯುತ್ತೇನೆ. ನಿನ್ನ ಕಾಗದವನ್ನು ನಾನು ನಂಬಿದ್ದೆ, ಅದನ್ನು ಮೊದಲು ಹೇಳಬೇಕು. ಅಷ್ಟೆಲ್ಲ ಆದ ಮೇಲೂ ನಂಬಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮನ್ವಿತ್‌ನೊಟ್ಟಿಗೆ ಬೇಗನೆ ಹೋಗಿ ಗೇಟಿನ ಹತ್ತಿರ ನಿಂತೆ. ಎಲ್ಲ ಮುಗಿದು ಕ್ಷೇತ್ರಕ್ಕೆ ಹೋಗಲು ಸಮಯ ಸಿಗುತ್ತದೋ ಎಂದು ಬಸ್ಸಿನ ಹೊತ್ತನ್ನೂ ಕೇಳಿಟ್ಟುಕೊಂಡಿದ್ದೆ. ಮೂಡುಬಿದಿರೆಯ ಬಸ್ಸು ಬಂತು. ಹೆಂಗಸರು ಇಳಿದರು, ಕಾಲೇಜು ಮಕ್ಕಳು ಇಳಿದರು, ಕೋಳಿ ಹಿಡಿದುಕೊಂಡ ಒಬ್ಬ ಮುದುಕ ಇಳಿದ. ಇನ್ನೊಂದು ಬಸ್ಸು ಬಂತು. "ಬರುದಿಲ್ಲ ಅಪ್ಪ, ಒಳಗೆ ಹೋಗುವ" ಎಂದ ಮನ್ವಿತ್. ಅವನಿಗೆ ಬೈದೆ. ಸನತ್ ಬರೆದದ್ದನ್ನು ತಪ್ಪುವವನಲ್ಲ ಎಂದೆ. ಮೂರನೆಯ ಬಸ್ಸು ಬರುವ ಮೊದಲು ಒಳಗಿನಿಂದ ನನ್ನ ಹೆಸರು ಕರೆದರು.

ಅಧಿಕಾರಿ ಹೆಂಗಸು, ನನ್ನ ಮಗಳ ಪ್ರಾಯ ಇರಬಹುದು. ಕುರ್ಚಿ ಕೊಟ್ಟರು, ಮರ್ಯಾದೆಯಿಂದ ಮಾತಾಡಿದರು. ಪಕ್ಕದಲ್ಲಿ ಅಶ್ವಿತ್ ಬರೆದುಕೊಳ್ಳಲು ಕೂತಿದ್ದ. ನಾನು ಬರುವ ಮೊದಲೇ ಅವನು ಅವರಿಗೆ ಏನೋ ಹೇಳಿಟ್ಟ ಹಾಗೆ ಕಂಡಿತು. "ನೀವು ಇಂಥ ಕೆಲಸ ಮಾಡುವವರಲ್ಲ ಅಂತ ಇವರು ಹೇಳ್ತಾರೆ. ಬೇರೆ ಯಾರಾದ್ರೂ ಇದ್ರೆ ಧೈರ್ಯವಾಗಿ ಹೇಳಿ. ಈ ಗಾಡಿ ಮಾಡಿದ್ದು ಯಾರೆಲ್ಲ?" ಎಂದು ಕೇಳಿದರು. ಬಾಗಿಲು ತೆರೆದೇ ಇತ್ತು. ಅಶ್ವಿತ್ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದ. ಹೇಳಿ ಸರ್, ಹೇಳಿ ಸರ್ ಎಂದು ಅವನ ಮುಖವೇ ಹೇಳುತ್ತಿತ್ತು.

ನಿನ್ನ ಹೆಸರು ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ನಾನು ಯಾರ ಹತ್ತಿರ ನಿನ್ನ ಮಾತು ಎತ್ತಿದರೂ ‘ನಮ್ಮ ಸನತ್’ ಎಂದೇ ಎತ್ತಿದವನು. ಜಲಜಾಕ್ಷಿಯ ಹತ್ತಿರವೂ ಹಾಗೆಯೇ, ಬಸ್ಸಿನ ಕಂಡಕ್ಟರನ ಹತ್ತಿರವೂ ಹಾಗೆಯೇ. ಆ ‘ನಮ್ಮ’ ಇಲ್ಲದೆ ನಿನ್ನ ಹೆಸರು ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮತ್ತೆ ಇನ್ನೊಂದು ಯೋಚನೆ ಬಂತು. ಹೇಳಿದರೆ ನಿನಗೆ ನೋಟೀಸು ಹೋಗುತ್ತದೆ. ನೀನು ಬರುವುದಿಲ್ಲ, ನಿನ್ನ ವಕೀಲರು ಬರುತ್ತಾರೆ. ಅವರು ಬಂದು ಶಮೀರನ ಹೆಸರು ಹೇಳುತ್ತಾರೆ. ಚುನಾವಣೆಗೆ ನಿಂತವನು ನೀನು, ವಕೀಲರಿರುವುದು ನಿನಗೆ, ಕೊನೆಗೆ ಸಿಕ್ಕಿಬೀಳುವುದು ಸಾಲಿಹಾಳ ಗಂಡ.

"ಯಾರೂ ಇಲ್ಲ ಮೇಡಂ. ನಾನೊಬ್ಬನೇ ಮಾಡಿದ್ದು" ಎಂದೆ.

ಅಶ್ವಿತ್ ಪೆನ್ನು ಕೆಳಗಿಟ್ಟ. "ಸರ್, ಆ ನಂಬರು?" ಎಂದು ಕೇಳಿದ. ಅದೂ ನಾನೇ ಎಂದೆ. ಅವನು ಮತ್ತೆ ಪೆನ್ನು ತೆಗೆದುಕೊಂಡು ಬರೆದ. ಬರೆದು ಮುಗಿಯುವವರೆಗೂ ತಲೆ ಎತ್ತಲಿಲ್ಲ, ನಾನು ಎದ್ದು ಹೊರಡುವಾಗಲೂ ಎತ್ತಲಿಲ್ಲ. ಪ್ರತಿ ದಿನ ನಮಸ್ಕಾರ ಸರ್ ಎಂದು ಕ್ಲಾಸಿಗೆ ಬರುತ್ತಿದ್ದ ಹುಡುಗ ಅವನು. ನೀನು ಇದನ್ನು ನೋಡಬೇಕಿತ್ತು. ಇದನ್ನು ನೋಡಲಿಕ್ಕಾದರೂ ಬರಬೇಕಿತ್ತು.

ನೋಂದಣಿ ರದ್ದಾಗಿದೆ. ವಿಮೆಯ ಪಾಲಿಸಿಯೂ ಹೋಯಿತು. ನನ್ನ ಮೇಲಿನ ಕೇಸು ನಡೆಯುತ್ತದೆ, ನಡೆಯಲಿ. ಗಾಡಿಯನ್ನು ಕಳಚಿ ಗುಜರಿಗೆ ಕೊಟ್ಟು ಚೀಟಿ ಒಪ್ಪಿಸಬೇಕು ಎಂದಿದ್ದಾರೆ. ಕಳೆದ ವಾರ ನಾನೂ ಶಮೀರನೂ ಕೂತು ಕಳಚಿದೆವು. ಬಾಡಿ ತೆಗೆಯುವಾಗ ಶಮೀರ ಅತ್ತ. ನಾನು ಅಳಲಿಲ್ಲ, ಬೋಲ್ಟ್‌ಗಳು ಬಿಗಿ ಇದ್ದವು, ಅದರ ಮೇಲೆಯೇ ಗಮನ ಇತ್ತು. ನಾನು ಕಟ್ಟಿದ ಗಾಡಿ ಬಿಚ್ಚುವುದಕ್ಕೂ ಅಷ್ಟು ಸುಲಭ ಅಲ್ಲ ಎಂದು ಆಗ ಗೊತ್ತಾಯಿತು.

ನೀನು ಸುಳ್ಳು ಹೇಳಿದ್ದನ್ನು ನಾನು ಇವತ್ತಲ್ಲ ನಾಳೆ ಕ್ಷಮಿಸುತ್ತಿದ್ದೆ. ಅನಂತಮತಿ ಬರೆದದ್ದನ್ನು ಓದಿದ ದಿನ ಅರ್ಧ ಕ್ಷಮಿಸಿಯೂ ಆಗಿತ್ತು. ನಾನು ನಗಲಿ ಎಂದು ನಾಲ್ಕು ವರ್ಷ ಸುಳ್ಳು ಹೇಳಿದವನು, ನನ್ನ ಜೊತೆ ಒಂದು ಗಂಟೆ ನಿಲ್ಲಲಿಲ್ಲವಲ್ಲ. ಅದು ನನಗೆ ನುಂಗಲಿಕ್ಕಾಗುವುದಿಲ್ಲ. ಆಣೆಯ ವಿಷಯ ಬಿಡು, ಬಿಡಿಸಲು ಇನ್ನು ಅವಸರ ಇಲ್ಲ. ಕಾಗದವನ್ನೂ ಬರೆಯಬೇಡ.

ನಿನಗೆ ಹೆದರಿಕೆ ಬೇಡ. ನೀನು ಆ ಕಡತದಲ್ಲಿ ಎಲ್ಲಿಯೂ ಇಲ್ಲ. ಆ ಗಾಡಿಯಲ್ಲಿಯೂ ಇರಲಿಲ್ಲ, ಹಾಗೆಂದು ನಾನು ಸರಕಾರದ ಎದುರು ಬರೆಸಿ ಸಹಿ ಹಾಕಿ ಬಂದಿದ್ದೇನೆ, ಈ ಸಲ ಓದಿಯೇ ಹಾಕಿದ್ದೇನೆ. ಇನ್ನು ಯಾರಾದರೂ ನಿನ್ನ ಹತ್ತಿರ ಬಂದು ಆ ಕೆಂಪು ಕಾರಿನ ಮಾತೆತ್ತಿದರೆ ನೀನೂ ಹಾಗೆಯೇ ಹೇಳು: ಅದನ್ನು ಮಾಡಿದ್ದು ಬೆಳ್ತಂಗಡಿ ಕಡೆಯ ಯಾರೋ ಒಬ್ಬ ಧರ್ಣಪ್ಪ, ನನಗೆ ಅವನ ಗುರ್ತ ಇಲ್ಲ.

ಧರ್ಣಪ್ಪ